ಮನೆಮಟ್ಟದ ಸಾಸೇಜ್ ತಯಾರಿಕೆ: ಮಾಂಸ ಕೊಚ್ಚುವ ವಾಣಿಜ್ಯ ಯಂತ್ರದ ಖರೀದಿ, ಬಳಕೆ ಮತ್ತು ನಿರ್ವಹಣೆ
(ಧುಪದಾಳ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಕೊಚ್ಚಿದ ಮಾಂಸಕ್ಕೆ ಉಪ್ಪು ಮತ್ತು ಮಸಾಲೆ ಬೆರೆಸಿ, ಶುಚಿಗೊಳಿಸಿದ ಕರುಳಿನಲ್ಲಿ ಅಥವಾ ಕೃತಕ ಕವಚದಲ್ಲಿ ತುಂಬಿ ತಯಾರಿಸುವ ಪದಾರ್ಥವೇ ಸಾಸೇಜ್. ಇದನ್ನು ಮನೆಯಲ್ಲಿ ತಯಾರಿಸಿ ಮಾರಾಟ ಮಾಡಲು ಇಚ್ಛಿಸುವವರು ಮಾಂಸದ ಅಂಗಡಿಗಳಲ್ಲಿರುವಂತಹ ಖೀಮಾ ಮಶೀನನ್ನು ಸ್ವಂತಕ್ಕೆ ಹೊಂದಬಹುದು. ಖರೀದಿ, ವಿದ್ಯುತ್ ಸಂಪರ್ಕ, ನಿರ್ವಹಣೆ, ನೋಂದಣಿ ಮತ್ತು ಸಹಾಯಧನದ ಬಗ್ಗೆ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಇಡಿಯಾದ ಮಾಂಸದ ತುಂಡಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಮಾಂಸವನ್ನು ಕೊಚ್ಚಿದಾಗ ಅವು ಒಳಗೆಲ್ಲ ಹರಡುತ್ತವೆ. ಯಂತ್ರದ ಸಂದಿಯಲ್ಲಿ ಹಿಂದಿನ ದಿನ ಉಳಿದ ಒಂದು ಚೂರು ಮಾಂಸವು ಮರುದಿನದ ಇಡೀ ತಯಾರಿಕೆಯನ್ನು ಕೆಡಿಸಬಲ್ಲದು. ಆದುದರಿಂದ ಎಷ್ಟು ದೊಡ್ಡ ಯಂತ್ರ ಬೇಕು ಎಂಬುದಕ್ಕಿಂತ, ಪ್ರತಿದಿನ ಪೂರ್ಣವಾಗಿ ಬಿಚ್ಚಿ ತೊಳೆದು ಒಣಗಿಸಲು ಸಾಧ್ಯವಿರುವ ಯಂತ್ರ ಯಾವುದು ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು.

2. ಯಂತ್ರಗಳ ವಿಧಗಳು

ಅ) ಖೀಮಾ ಯಂತ್ರ: ಮೇಲಿನ ತಟ್ಟೆಯಿಂದ ಹಾಕಿದ ಮಾಂಸವನ್ನು ಒಳಗಿನ ಸ್ಕ್ರೂ ಮುಂದಕ್ಕೆ ತಳ್ಳುತ್ತದೆ. ನಾಲ್ಕು ಅಲಗುಗಳ ಚೂರಿಯು ತೂತಿನ ತಟ್ಟೆಗೆ ತಾಗಿ ತಿರುಗುತ್ತಾ ಮಾಂಸವನ್ನು ಕತ್ತರಿಸುತ್ತದೆ. ಮಾರುಕಟ್ಟೆಯಲ್ಲಿ ಈ ಯಂತ್ರಗಳನ್ನು ಸಂಖ್ಯೆಯಿಂದ ಗುರುತಿಸಲಾಗುತ್ತದೆ. 12ನೇ ಸಂಖ್ಯೆಯ ಯಂತ್ರದ ತಟ್ಟೆಯ ವ್ಯಾಸ ಸುಮಾರು 70 ಮಿ.ಮೀ., 22ನೇ ಸಂಖ್ಯೆಯದು ಸುಮಾರು 82 ಮಿ.ಮೀ. ಮತ್ತು 32ನೇ ಸಂಖ್ಯೆಯದು ಸುಮಾರು 100 ಮಿ.ಮೀ. ಇರುತ್ತದೆ. ಮನೆಮಟ್ಟದ ಘಟಕಕ್ಕೆ 12 ಅಥವಾ 22ನೇ ಸಂಖ್ಯೆಯ ಯಂತ್ರ ಸಾಕಾಗುತ್ತದೆ.

ಆ) ಬಟ್ಟಲಿನ ಯಂತ್ರ: ಅಗಲವಾದ ಬಟ್ಟಲು ನಿಧಾನವಾಗಿ ಸುತ್ತುತ್ತಿರುವಾಗ, ಮುಚ್ಚಳದೊಳಗಿನ ಅಲಗುಗಳು ಅತಿವೇಗವಾಗಿ ತಿರುಗಿ ಮಾಂಸ, ಕೊಬ್ಬು ಮತ್ತು ಮಂಜುಗಡ್ಡೆಯನ್ನು ನುಣ್ಣಗೆ ಅರೆಯುತ್ತವೆ. ಹೋಟೆಲುಗಳಲ್ಲಿ ಕಾಣುವ ನುಣುಪಾದ ಚಿಕನ್ ಸಾಸೇಜ್ ತಯಾರಿಕೆಗೆ ಮಾತ್ರ ಇದರ ಅಗತ್ಯವಿರುತ್ತದೆ.

ಯಾವ ಬಗೆಯ ಸಾಸೇಜ್ ತಯಾರಿಸಲಾಗುವುದು ಎಂಬುದನ್ನು ಮೊದಲು ನಿರ್ಧರಿಸತಕ್ಕದ್ದು. ಕುರಿ ಅಥವಾ ಕೋಳಿ ಮಾಂಸದ ತರಿತರಿಯಾದ ಸಾಸೇಜಿಗೆ ಖೀಮಾ ಯಂತ್ರ ಸಾಕು. ನೆರೆಯ ಗೋವಾ ರಾಜ್ಯದ ಸಾಂಪ್ರದಾಯಿಕ ಹಂದಿಮಾಂಸದ ಸಾಸೇಜಿನಲ್ಲಿ ಮಾಂಸವನ್ನು ಕೈಯಿಂದಲೇ ಸಣ್ಣ ತುಂಡುಗಳಾಗಿ ಕತ್ತರಿಸಿ, ಮೆಣಸಿನಕಾಯಿ ಮಸಾಲೆ ಮತ್ತು ವಿನೆಗರ್ ಬೆರೆಸಲಾಗುತ್ತದೆ. ಅದಕ್ಕೆ ಕೊಚ್ಚುವ ಯಂತ್ರದ ಅವಶ್ಯಕತೆಯೇ ಇರುವುದಿಲ್ಲ.

3. ಖರೀದಿಗೆ ಮೊದಲು ವೆಚ್ಚದ ಲೆಕ್ಕ

ಉದಾಹರಣೆಗೆ, ಯಂತ್ರದ ಬೆಲೆ ರೂ. 30,000 ಮತ್ತು ಅದರ ಬಳಕೆಯ ಅವಧಿ 5 ವರ್ಷ ಎಂದು ಭಾವಿಸಿದಲ್ಲಿ, ವಾರ್ಷಿಕ ಸವಕಳಿ ರೂ. 6,000 ಆಗುತ್ತದೆ. ವಾರಕ್ಕೆ 5 ಕೆ.ಜಿ.ಯಂತೆ ವರ್ಷಕ್ಕೆ 260 ಕೆ.ಜಿ. ತಯಾರಿಸಿದರೆ ಪ್ರತಿ ಕೆ.ಜಿ.ಗೆ ಸುಮಾರು ರೂ. 23 ಸವಕಳಿಯೇ ಬೀಳುತ್ತದೆ. ವಾರಕ್ಕೆ 20 ಕೆ.ಜಿ. ತಯಾರಿಸಿದರೆ ಅದು ರೂ. 6ಕ್ಕಿಂತ ಕಡಿಮೆಯಾಗುತ್ತದೆ. ಸಾಣೆ, ಹೊಸ ಚೂರಿ ಮತ್ತು ತಟ್ಟೆ, ಶೀತಲಪೆಟ್ಟಿಗೆಯ ವಿದ್ಯುತ್, ಸಾಲದ ಬಡ್ಡಿ ಇವುಗಳನ್ನು ಪ್ರತ್ಯೇಕವಾಗಿ ಸೇರಿಸತಕ್ಕದ್ದು. ತಯಾರಿಕೆ ಕಡಿಮೆಯಿರುವವರು ಕೈಯಿಂದ ತಿರುಗಿಸುವ ಯಂತ್ರದಿಂದ ಆರಂಭಿಸುವುದು ಅಥವಾ ಸ್ವಸಹಾಯ ಸಂಘದ ಮೂಲಕ ಒಂದೇ ಯಂತ್ರವನ್ನು ಹಂಚಿಕೊಳ್ಳುವುದು ಸೂಕ್ತ. ಹಂಚಿಕೊಂಡಲ್ಲಿ ಯಂತ್ರವನ್ನು ತೊಳೆದವರ ಹೆಸರು ಮತ್ತು ದಿನಾಂಕವನ್ನು ವಹಿಯಲ್ಲಿ ದಾಖಲಿಸತಕ್ಕದ್ದು.

4. ಬಳಸಿದ ಹಳೆಯ ಯಂತ್ರ ಕೊಳ್ಳುವಾಗ ಪರಿಶೀಲಿಸಬೇಕಾದ ಅಂಶಗಳು

• ಮಾಂಸ ತಾಗುವ ಎಲ್ಲ ಭಾಗಗಳೂ ಉಪಕರಣವಿಲ್ಲದೆ ಅಥವಾ ಒಂದೇ ಪಾನಾದಿಂದ ಬಿಚ್ಚುವಂತಿರಬೇಕು.
• ಎರಕದ ಕಬ್ಬಿಣದ ಭಾಗಗಳ ಕಲಾಯಿ ಎದ್ದಿದ್ದರೆ ಅಂತಹ ಯಂತ್ರವನ್ನು ಕೊಳ್ಳಬಾರದು. ಆಹಾರ ತಾಗುವ ಭಾಗಗಳು ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಉತ್ತಮ.
• ಗೇರ್ ಪೆಟ್ಟಿಗೆಯ ಎಣ್ಣೆ ಸ್ಕ್ರೂ ಇರುವ ಕೊಳವೆಯೊಳಗೆ ಸೋರುತ್ತಿರಬಾರದು. ಸೋರಿದ್ದರೆ ಎಣ್ಣೆ ಮಾಂಸದೊಂದಿಗೆ ಬೆರೆಯುತ್ತದೆ.
• ನಾಮಫಲಕದ ಮೇಲೆ ವೋಲ್ಟೇಜ್ ಮತ್ತು ಫೇಸ್ ನಮೂದಾಗಿರಬೇಕು. ವಿದೇಶದಿಂದ ಬಂಧುಗಳು ತಂದ 110 ವೋಲ್ಟ್ ಯಂತ್ರವನ್ನು ಇಲ್ಲಿನ 230 ವೋಲ್ಟ್ ಸಂಪರ್ಕಕ್ಕೆ ನೇರವಾಗಿ ಜೋಡಿಸಬಾರದು.
• ಅದೇ ಸಂಖ್ಯೆಯ ಚೂರಿ ಮತ್ತು ತಟ್ಟೆ ಹತ್ತಿರದಲ್ಲಿ ದೊರೆಯುವುದೆಂದು ಖಚಿತಪಡಿಸಿಕೊಳ್ಳತಕ್ಕದ್ದು.
• ಬಟ್ಟಲಿನ ಯಂತ್ರವಾದಲ್ಲಿ, ಮುಚ್ಚಳ ತೆರೆದ ಕೂಡಲೇ ಯಂತ್ರವನ್ನು ನಿಲ್ಲಿಸುವ ಸುರಕ್ಷತಾ ಸ್ವಿಚ್ ಕೆಲಸ ಮಾಡುತ್ತಿರಬೇಕು.

5. ವಿದ್ಯುತ್ ಸಂಪರ್ಕ

ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಅರ್ಜಿದಾರರು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ಸ್ಥಳೀಯ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಹುಕ್ಕೇರಿ ತಾಲ್ಲೂಕಿನಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ವಿತರಿಸುವುದರಿಂದ ಅಲ್ಲಿನವರು ಸದರಿ ಸಂಘಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಮಾರಾಟಕ್ಕಾಗಿ ತಯಾರಿಸುವವರು ಗೃಹಬಳಕೆಯ ಸಂಪರ್ಕದಿಂದಲೇ ಯಂತ್ರ ನಡೆಸದೆ, ತಮಗೆ ಅನ್ವಯಿಸುವ ದರವರ್ಗವನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು.

1 ಅಶ್ವಶಕ್ತಿಯ ಮೋಟರು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1 ಯೂನಿಟ್ ವಿದ್ಯುತ್ ಬಳಸುತ್ತದೆ. ಸರಿಯಾದ ಅರ್ಥಿಂಗ್, ಎಂ.ಸಿ.ಬಿ. ಮತ್ತು 30 ಮಿಲಿಆಂಪಿಯರಿನ ಸೋರಿಕೆ ರಕ್ಷಣಾ ಸ್ವಿಚ್ ಅಳವಡಿಸತಕ್ಕದ್ದು. ಒದ್ದೆ ನೆಲದ ಮೇಲೆ ನಿಂತು ಲೋಹದ ಯಂತ್ರ ಮುಟ್ಟುವ ಈ ಕೆಲಸದಲ್ಲಿ ಇದು ಪ್ರಾಣ ಉಳಿಸುವ ವ್ಯವಸ್ಥೆಯಾಗಿರುತ್ತದೆ. ಮೂರು ಫೇಸಿನ ಯಂತ್ರ ಹೊಂದಿರುವವರು, ಲೈನ್ ದುರಸ್ತಿಯಾದ ಪ್ರತಿ ಸಲವೂ ಚೂರಿ ಮತ್ತು ತಟ್ಟೆಯನ್ನು ತೆಗೆದು ಸ್ಕ್ರೂ ತಿರುಗುವ ದಿಕ್ಕನ್ನು ಪರೀಕ್ಷಿಸತಕ್ಕದ್ದು. ಫೇಸ್ ಅದಲುಬದಲಾದರೆ ಸ್ಕ್ರೂ ಹಿಮ್ಮುಖವಾಗಿ ತಿರುಗುತ್ತದೆ. ವೋಲ್ಟೇಜ್ ಕಡಿಮೆ ಇರುವಾಗ ಯಂತ್ರ ನಡೆಸಿದರೆ ಮೋಟರು ಕಾದು ಸುಡುವ ಸಂಭವವಿರುತ್ತದೆ.

6. ಬಳಕೆಯ ಕ್ರಮ

ಅ) ಮಾಂಸವನ್ನು 0 ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿಟ್ಟು, ನರ ಮತ್ತು ಮೂಳೆ ಚೂರುಗಳನ್ನು ತೆಗೆದು, ಸಣ್ಣ ತುಂಡುಗಳನ್ನಾಗಿ ಮಾಡಿಕೊಳ್ಳತಕ್ಕದ್ದು. ಸ್ಕ್ರೂ, ಚೂರಿ ಮತ್ತು ತಟ್ಟೆಯನ್ನೂ ಅರ್ಧ ಗಂಟೆ ಶೀತಲಪೆಟ್ಟಿಗೆಯಲ್ಲಿಡುವುದು ಒಳ್ಳೆಯದು.
ಆ) ಚೂರಿಯ ಸಮತಟ್ಟಾದ ಮುಖವು ತೂತಿನ ತಟ್ಟೆಯ ಕಡೆಗೇ ಇರಬೇಕು. ತಿರುವುಮುರುವಾಗಿ ಜೋಡಿಸಿದರೆ ಮಾಂಸ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ.
ಇ) ಮುಂದಿನ ಬಿಗಿಬಳೆಯನ್ನು ಅತಿಯಾಗಿ ಬಿಗಿದರೆ ಲೋಹ ತಿಕ್ಕಿ ಬಿಸಿಯಾಗುತ್ತದೆ. ಸಡಿಲವಾದರೆ ನರಗಳು ಅಲಗಿಗೆ ಸುತ್ತಿಕೊಳ್ಳುತ್ತವೆ.
ಈ) ಮಾಂಸವಿಲ್ಲದೆ ಯಂತ್ರವನ್ನು ಖಾಲಿ ತಿರುಗಿಸಬಾರದು.
ಉ) ಮೊದಲು ದೊಡ್ಡ ತೂತಿನ ತಟ್ಟೆಯಲ್ಲಿ, ಪುನಃ ತಂಪುಗೊಳಿಸಿದ ನಂತರ ಸಣ್ಣ ತೂತಿನ ತಟ್ಟೆಯಲ್ಲಿ ಕೊಚ್ಚತಕ್ಕದ್ದು.
ಊ) ಕೊಚ್ಚುವಾಗ ಮಿಶ್ರಣದ ಉಷ್ಣತೆ 12 ಡಿಗ್ರಿ ಮೀರದಂತೆ ನೋಡಿಕೊಳ್ಳತಕ್ಕದ್ದು. ಕೊಬ್ಬು ಕರಗಿ ಬಿಳಿ ಲೇಪದಂತೆ ಅಂಟತೊಡಗಿದರೆ ಯಂತ್ರ ನಿಲ್ಲಿಸಿ ಮಿಶ್ರಣವನ್ನು ತಂಪುಗೊಳಿಸತಕ್ಕದ್ದು. ಮಂಜುಗಡ್ಡೆ ಬಳಸುವುದಾದರೆ ಅದು ಕುಡಿಯುವ ನೀರಿನದಾಗಿರಬೇಕು.
ಋ) ಹಸಿ ಮಾಂಸ ಒಟ್ಟು 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಏಪ್ರಿಲ್, ಮೇ ತಿಂಗಳುಗಳಂತೆ ಕೋಣೆಯ ಉಷ್ಣತೆ 32 ಡಿಗ್ರಿ ಮೀರಿದಾಗ ಈ ಮಿತಿ 1 ಗಂಟೆ ಮಾತ್ರ. ಮಧ್ಯದಲ್ಲಿ ವಿದ್ಯುತ್ ಹೋದರೆ ಸ್ವಿಚ್ ಆರಿಸಿ, ಯಂತ್ರದೊಳಗಿನ ಮಾಂಸವನ್ನೂ ಹೊರತೆಗೆದು ಶೀತಲಪೆಟ್ಟಿಗೆಗೆ ಸೇರಿಸತಕ್ಕದ್ದು.

ತಯಾರಾದ ಸಾಸೇಜನ್ನು ಬೇಯಿಸುವಾಗ ಅದರ ನಡುಭಾಗದ ಉಷ್ಣತೆ ಕುರಿ, ಮೇಕೆ ಮತ್ತು ಹಂದಿ ಮಾಂಸವಾದರೆ 71 ಡಿಗ್ರಿ, ಕೋಳಿಮಾಂಸವಾದರೆ 74 ಡಿಗ್ರಿ ತಲುಪಬೇಕು. ದೀರ್ಘಕಾಲ ಇಡುವುದಾದರೆ ಮೈನಸ್ 18 ಡಿಗ್ರಿಯಲ್ಲಿ ಶೇಖರಿಸತಕ್ಕದ್ದು. ನೈಟ್ರೈಟ್ ಲವಣ ಬಳಸುವವರು ಅದನ್ನು ಎಂದಿಗೂ ಅಂದಾಜಿನಿಂದ ಹಾಕಬಾರದು. ಪ್ರಮಾಣ ಹೆಚ್ಚಾದರೆ ಅದು ವಿಷವಾಗುತ್ತದೆ. ನಿಯಮದ ಮಿತಿಯೊಳಗೆ, ಗ್ರಾಂನ ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗಿ ಬಳಸತಕ್ಕದ್ದು.

7. ಪ್ರತಿದಿನದ ಶುಚಿತ್ವ

ಕೆಲಸ ಮುಗಿದ ಕೂಡಲೇ, ಮಾಂಸ ಒಣಗುವ ಮೊದಲೇ ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು.

1) ಪ್ಲಗ್ ಕಿತ್ತು ಎಲ್ಲ ಭಾಗಗಳನ್ನೂ ಬಿಚ್ಚುವುದು.
2) ಉಗುರುಬೆಚ್ಚಗಿನ ನೀರಿನಿಂದ ಮಾಂಸದ ಚೂರುಗಳನ್ನು ತೊಳೆಯುವುದು.
3) ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ಕೊಬ್ಬು ಹೋಗುವವರೆಗೆ ತಿಕ್ಕುವುದು. ತಟ್ಟೆಯ ಪ್ರತಿ ತೂತಿಗೂ ಸಣ್ಣ ಬ್ರಷ್ ಹಾಯಿಸುವುದು.
4) ಸ್ವಚ್ಛ ನೀರಿನಲ್ಲಿ ಜಾಲಾಡುವುದು.
5) ಸ್ಟೇನ್‌ಲೆಸ್ ಸ್ಟೀಲ್ ಭಾಗಗಳನ್ನು ಕ್ಲೋರಿನ್ ದ್ರಾವಣದಲ್ಲಿ ಅದ್ದುವುದು. ಶೇಕಡಾ 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ 5 ಮಿ.ಲೀ.ಯನ್ನು 1 ಲೀಟರ್ ನೀರಿಗೆ ಬೆರೆಸಿದರೆ ಸುಮಾರು 200 ಪಿ.ಪಿ.ಎಂ. ಪ್ರಮಾಣ ದೊರೆಯುತ್ತದೆ. ಕಬ್ಬಿಣದ ಭಾಗಗಳು ಕ್ಲೋರಿನ್‌ನಿಂದ ತುಕ್ಕು ಹಿಡಿಯುವುದರಿಂದ ಅವುಗಳಿಗೆ ಕುದಿಯುವ ನೀರನ್ನು ಬಳಸುವುದು.
6) ಪೂರ್ಣವಾಗಿ ಒಣಗಿಸುವುದು. ಒದ್ದೆಯಾಗಿರುವಾಗಲೇ ಜೋಡಿಸಿಡಬಾರದು.

ಅಲ್ಯೂಮಿನಿಯಂ ಭಾಗಗಳು ವಾಷಿಂಗ್ ಸೋಡಾದಿಂದ ಕಪ್ಪಾಗುತ್ತವೆ. ಮೋಟರಿನ ಮೇಲೆ ಪೈಪಿನಿಂದ ನೀರು ಹಾಯಿಸದೆ, ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು.

8. ಅಲಗು ಮತ್ತು ಎಣ್ಣೆ

ಚೂರಿ ಮತ್ತು ತಟ್ಟೆ ಒಟ್ಟಿಗೆ ಸವೆದು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಎರಡು ತಟ್ಟೆಗಳಿದ್ದಲ್ಲಿ ಪ್ರತಿಯೊಂದಕ್ಕೂ ಬೇರೆ ಚೂರಿಯಿಟ್ಟು ಜೋಡಿಯಾಗಿ ಗುರುತು ಮಾಡತಕ್ಕದ್ದು. ಸಾಣೆಗೂ ಜೋಡಿಯಾಗಿಯೇ ಕಳುಹಿಸತಕ್ಕದ್ದು. ಸಾಣೆಯ ನಂತರ ಎರಡರ ಮುಖವೂ ಸಮತಟ್ಟಾಗಿರಬೇಕು. ಬಟ್ಟಲಿನ ಯಂತ್ರದ ಅಲಗುಗಳ ತೂಕ ಸಮನಾಗಿರದಿದ್ದರೆ ಯಂತ್ರ ನಡುಗುತ್ತದೆ. ಆದ್ದರಿಂದ ಅವುಗಳನ್ನು ಅನುಭವಿ ಕುಶಲಕರ್ಮಿಯಿಂದಲೇ ಸಾಣೆ ಹಿಡಿಸತಕ್ಕದ್ದು.

ಒಣಗಿದ ಕಬ್ಬಿಣ ಮತ್ತು ಉಕ್ಕಿನ ಭಾಗಗಳಿಗೆ ಆಹಾರ ದರ್ಜೆಯ ಖನಿಜ ಎಣ್ಣೆಯನ್ನು ತೆಳುವಾಗಿ ಸವರಿ, ಬಳಕೆಗೆ ಮೊದಲು ತೊಳೆಯತಕ್ಕದ್ದು. ಅಡುಗೆ ಎಣ್ಣೆ ಕಮಟಾಗುತ್ತದೆ. ಇಂಜಿನ್ ಆಯಿಲನ್ನು ಮಾಂಸ ತಾಗುವ ಭಾಗಗಳಿಗೆ ಬಳಸಲೇಬಾರದು.

9. ಅಪಘಾತ ತಡೆ

ಮಾಂಸವನ್ನು ಒತ್ತುಗೋಲಿನಿಂದ ಮಾತ್ರ ತಳ್ಳತಕ್ಕದ್ದು. ಬೆರಳು, ಚಮಚ ಅಥವಾ ಸೌಟು ಬಳಸಬಾರದು. ಬಳೆ, ಉಂಗುರ, ಸಡಿಲ ತೋಳು ಮತ್ತು ಇಳಿಬಿಟ್ಟ ಸೆರಗು ಅಪಾಯಕಾರಿ. ಯಂತ್ರ ಸಿಕ್ಕಿಕೊಂಡರೆ ಪ್ಲಗ್ ಕಿತ್ತ ನಂತರವೇ ಬಿಚ್ಚತಕ್ಕದ್ದು. ಮುಚ್ಚಳದ ಸುರಕ್ಷತಾ ಸ್ವಿಚ್ಚನ್ನು ತಂತಿಯಿಂದ ಕಟ್ಟಿ ನಿಷ್ಕ್ರಿಯಗೊಳಿಸಬಾರದು. ಮಕ್ಕಳು ಮನೆಯಲ್ಲಿರುವುದರಿಂದ ಬೀಗವಿರುವ ಪ್ರತ್ಯೇಕ ಕೋಣೆ ಅಗತ್ಯ. ಕೈ ಸಿಕ್ಕಿಕೊಂಡಲ್ಲಿ ಎಳೆಯದೆ ವಿದ್ಯುತ್ ಕಡಿತಗೊಳಿಸಿ 108ಕ್ಕೆ ಕರೆ ಮಾಡತಕ್ಕದ್ದು.

10. ನೋಂದಣಿ ಮತ್ತು ಅನುಮತಿ

ಸ್ವಂತ ಮನೆಯ ಊಟಕ್ಕೆ ಮಾತ್ರ ತಯಾರಿಸುವವರಿಗೆ ಆಹಾರ ನೋಂದಣಿ ಬೇಕಾಗುವುದಿಲ್ಲ. ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಮಾರಾಟ ಮಾಡುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರಡಿ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ಅರ್ಜಿಯನ್ನು ಫಾಸ್ಕಾಸ್ ಜಾಲತಾಣದಲ್ಲಿ ಸಲ್ಲಿಸಬಹುದು. ನೋಂದಣಿಗೆ ಭಾವಚಿತ್ರ ಮತ್ತು ಗುರುತಿನ ಪುರಾವೆ ಲಗತ್ತಿಸತಕ್ಕದ್ದು. 2011ರ ನಿಯಮಗಳಲ್ಲಿ ನೋಂದಣಿಗೆ ವಾರ್ಷಿಕ ವಹಿವಾಟಿನ ಮಿತಿ ರೂ. 12 ಲಕ್ಷ ಎಂದು ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಿತಿ ಮತ್ತು ಶುಲ್ಕವನ್ನು ಸದರಿ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು.

ಪೊಟ್ಟಣದ ಮೇಲೆ ತಯಾರಕರ ವಿಳಾಸ, ಘಟಕಾಂಶಗಳು, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ ಮತ್ತು ನೋಂದಣಿ ಸಂಖ್ಯೆ ಇರತಕ್ಕದ್ದು. 2020ರ ಲೇಬಲ್ ನಿಯಮಗಳಂತೆ ಮಾಂಸಾಹಾರದ ಚಿಹ್ನೆಯು ಕಂದು ಚೌಕದೊಳಗಿನ ಕಂದು ತ್ರಿಕೋನವಾಗಿರುತ್ತದೆ. ಯಂತ್ರ ಸ್ಥಾಪನೆಗೆ ಗ್ರಾಮ ಪಂಚಾಯಿತಿ ಅಥವಾ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯ ಅನುಮತಿಯನ್ನೂ ಪಡೆಯತಕ್ಕದ್ದು. ಮಾಂಸವನ್ನು ಅಧಿಕೃತ ಮೂಲದಿಂದ ರಶೀದಿ ಸಹಿತ ಖರೀದಿಸತಕ್ಕದ್ದು. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020ರ ಉಪಬಂಧಗಳನ್ನು ಎಲ್ಲ ತಯಾರಕರೂ ಪಾಲಿಸತಕ್ಕದ್ದು.

11. ಸಹಾಯಧನ

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯು 2020ರಲ್ಲಿ ಆರಂಭವಾಯಿತು. ಅರ್ಹ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ ರೂ. 10 ಲಕ್ಷದವರೆಗಿನ ಬ್ಯಾಂಕ್ ಸಾಲ ಆಧಾರಿತ ಸಹಾಯಧನಕ್ಕೆ ಇದರಲ್ಲಿ ಅವಕಾಶ ಕಲ್ಪಿಸಲಾಯಿತು. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮಕ್ಕೆ (ಕೆಪೆಕ್) ಇದರ ಅನುಷ್ಠಾನವನ್ನು ವಹಿಸಲಾಯಿತು. ಯೋಜನೆಯನ್ನು ಮೂಲತಃ 2024-25ರವರೆಗೆ ರೂಪಿಸಲಾಗಿತ್ತು. ಆದುದರಿಂದ ಯೋಜನೆ ಮುಂದುವರಿದಿರುವುದನ್ನು ಹಾಗೂ ತಮ್ಮ ಉತ್ಪನ್ನದ ಅರ್ಹತೆಯನ್ನು ಖಚಿತಪಡಿಸಿಕೊಂಡ ನಂತರವೇ ಬ್ಯಾಂಕಿಗೆ ಅರ್ಜಿ ಸಲ್ಲಿಸತಕ್ಕದ್ದು. ಸಹಾಯಧನದ ನಿರೀಕ್ಷೆಯಲ್ಲಿ ಕೈಸಾಲ ಮಾಡಿ ಯಂತ್ರವನ್ನು ಮುಂಚಿತವಾಗಿ ಕೊಳ್ಳಬಾರದು. ಉದ್ಯಮ್ ನೋಂದಣಿ ಉಚಿತವಾಗಿದ್ದು, ಅದಕ್ಕಾಗಿ ಯಾರಿಗೂ ಹಣ ನೀಡುವ ಅಗತ್ಯವಿರುವುದಿಲ್ಲ.

12. ತ್ಯಾಜ್ಯ ವಿಲೇವಾರಿ

ಮೂಳೆ, ನರ, ಕೊಬ್ಬು ಮತ್ತು ಯಂತ್ರ ತೊಳೆದ ನೀರನ್ನು ಘಟಪ್ರಭಾ ನದಿಗೆ, ಧುಪದಾಳ ಅಣೆಕಟ್ಟಿನ ಹಿನ್ನೀರಿಗೆ ಅಥವಾ ಕಾಲುವೆಗೆ ಬಿಡಬಾರದು. ಆ ನೀರನ್ನು ಕೆಳಗಿನ ಊರುಗಳ ಜನ ಮತ್ತು ಜಾನುವಾರುಗಳು ಬಳಸುತ್ತವೆ. ಈ ಪ್ರದೇಶವು ಘಟಪ್ರಭಾ ಪಕ್ಷಿಧಾಮವನ್ನೂ ಒಳಗೊಂಡಿದೆ. ತೊಳೆದ ನೀರನ್ನು ಜಾಲರಿ ಮತ್ತು ಕೊಬ್ಬು ತಡೆಯುವ ತೊಟ್ಟಿಯ ಮೂಲಕ ಹಾಯಿಸಿ, ಘನ ತ್ಯಾಜ್ಯವನ್ನು ಸ್ಥಳೀಯ ಸಂಸ್ಥೆ ಸೂಚಿಸಿದಂತೆ ವಿಲೇವಾರಿ ಮಾಡತಕ್ಕದ್ದು.

13. ಹೆಚ್ಚಿನ ಮಾಹಿತಿಗಾಗಿ

ಆಹಾರ ನೋಂದಣಿಗಾಗಿ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳನ್ನು, ಆರಂಭಿಕ ಮಾರ್ಗದರ್ಶನಕ್ಕಾಗಿ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಮಾಂಸೋತ್ಪನ್ನಗಳ ತಾಂತ್ರಿಕ ಮಾಹಿತಿಗಾಗಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು. ಯಂತ್ರದ ರಶೀದಿ, ಖಾತರಿ ಪತ್ರ, ಸಾಣೆಯ ದಿನಾಂಕ ಮತ್ತು ಶುಚಿತ್ವದ ವಹಿಯನ್ನು ಒಂದೇ ಕಡತದಲ್ಲಿಟ್ಟುಕೊಂಡಲ್ಲಿ ತಪಾಸಣೆಯ ಸಮಯದಲ್ಲಿ ಹಾಜರುಪಡಿಸಲು ಅನುಕೂಲವಾಗುತ್ತದೆ.