ಸೈನಿಕರ ಕುತ್ಗಿ ಬಿಲ್ಲಿ

ನಮ್ ಬದಿಯಗೆ ಹಿತ್ತಾಳಿ ಹಂಡಿ, ಚೆಂಬು ತಕಂಡ್ರೆ ಮೊದ್ಲ್ ಮಾಡು ಕೆಲ್ಸ ಅದ್ರ್ ಮೇಲೆ ಹೆಸ್ರ್ ಕೊರ್ಸೂದ್. ಮದಿ ಮನಿಗೋ ಬೊಜ್ಜದ ಮನಿಗೋ ಪಾತ್ರಿ ಕೊಟ್ರೆ, ನೂರ್ ಪಾತ್ರಿ ನಡುವಿಂದ ನಮ್ದ್ ನಮ್ಮನಿಗೇ ತಿರ್ಗಿ ಬರ್ಕಲೆ! ಮನ್ಷರಿಗೂ ಹೀಂಗೆ ಹೆಸ್ರ್ ಕೊರ್ದ್ ಕಳ್ಸು ಜಾಗ ಒಂದಿತ್ತ್, ಅದ್ ಸೈನ್ಯ. ಸೈನಿಕರ ಮೈಮೇಲೆ ಒಂದ್ ಸಣ್ಣ ಬಿಲ್ಲಿ ಇರತ್ತ್. ಅದ್ರಗೆ ಅವ್ರ್ ಸೈನ್ಯದ ನಂಬ್ರ, ಹೆಸ್ರ್, ಬ್ಲಡ್ ಗ್ರೂಪ್ ಎಲ್ಲ ಕೊರ್ದಿರ್ತ್ರ್. ಬದ್ಕಿಪ್ಪು ತನ್ಕ ಅದಕ್ಕೆ ದೊಡ್ಡ ಕೆಲ್ಸ ಇಲ್ಲ. ಮುಖ ಕಂಡ್ ಗುರ್ತ ಹೇಳುಕೆ ಆಗ್ದಿದ್ದ ದಿನಕ್ಕೆ ಅಂದೇಳಿ ಮಾಡಿದ್ ಅದ್.

ಆ ಬಿಲ್ಲಿ 38 ವರ್ಷ ಆದ್ಮೇಲೂ ಕೆಲ್ಸ ಮಾಡಿದ್ದ್ ಕಾಣಿ. 2022ರ ಆಗಸ್ಟ್ ತಿಂಗ್ಳು, ಊರೆಲ್ಲ ಸ್ವಾತಂತ್ರ್ಯದ 75 ವರ್ಷದ ಗೌಜಿ. ಅದೇ ಹೊತ್ತಿಗೆ ಸಿಯಾಚಿನ್ ಹಿಮನದಿಯ ಒಂದ್ ಹಳೆ ಬಂಕರಿನಗೆ ಒಬ್ಬ ಸೈನಿಕರ ದೇಹದ ಅವಶೇಷ ಸಿಕ್ತ್. ಜೊತಿಗೆ ಬಿಲ್ಲಿಯೂ ಸಿಕ್ತ್. ಅದ್ರ ಮೇಲಿನ ನಂಬ್ರ ಹಿಡ್ಕಂಡ್ ಸೈನ್ಯದ ದಾಖಲೆ ಹುಡ್ಕಿರೆ ಹೆಸ್ರ್ ಬಂತ್: ಲಾನ್ಸ್ ನಾಯಕ್ ಚಂದ್ರಶೇಖರ ಹರ್ಬೋಲ, 19 ಕುಮಾವೂನ್ ರೆಜಿಮೆಂಟ್. 1984ರ ಏಪ್ರಿಲ್ 13ಕ್ಕೆ ನಮ್ ಸೈನ್ಯ ಆಪರೇಷನ್ ಮೇಘದೂತ ಶುರು ಮಾಡಿ ಸಿಯಾಚಿನ್ ಹತ್ತಿತ್ತ್. ಮರು ತಿಂಗ್ಳೇ ಇವ್ರಿದ್ದ ತಂಡದ ಮೇಲೆ ಹಿಮ ಕುಸ್ದ್ ಬಿತ್ತ್. ಕೆಲವರ ದೇಹ ಆಗ್ಲೇ ಸಿಕ್ತ್, ಇವ್ರದ್ದ್ ಸಿಕ್ಲಿಲ್ಲ. ಗಂಡ ಹೋಪತ್ತಿಗೆ ಸಣ್ಣ ಪ್ರಾಯದವ್ರಾಗಿದ್ದ ಹೆಂಡ್ತಿ, ಅವ್ರ್ ವಾಪಾಸ್ ಬಪ್ಪತ್ತಿಗೆ ಮುದ್ಕಿ. ಸಣ್ಣ ಮಕ್ಳಾಗಿದ್ದ ಹೆಣ್ಮಕ್ಳ್ ನಡು ಪ್ರಾಯಕ್ಕೆ ಬಂದಿದ್ರ್. ಉತ್ತರಾಖಂಡದ ಹಲ್ದ್ವಾನಿಯಗೆ ಸೈನ್ಯದ ಮರ್ಯಾದಿಯೊಟ್ಟಿಗೆ ಅವ್ರನ್ನ ಸುಟ್ರ್.

ಅಷ್ಟ್ ವರ್ಷ ಸಿಕ್ಕದ್ದ್ ಈಗ ಹ್ಯಾಂಗ್ ಸಿಕ್ತ್ ಅಂದೇಳಿ ಕೇಂಬುಕೂ ಸಾಕ್. ಹಿಮನದಿ ಹೆಸ್ರಿಗೆ ತಕ್ಕ ಹಾಂಗೆ ಹರೂದೇ, ಆದ್ರೆ ಕಣ್ಣಿಗೆ ಕಾಣದಷ್ಟ್ ನಿಧಾನ. 70 ಕಿಲೋಮೀಟರಿಗೂ ಹೆಚ್ಚ್ ಉದ್ದದ ಮಂಜುಗಡ್ಡಿ ಅದ್. ಮೇಲೆ ಬಿದ್ದ ಹಿಮ ವರ್ಷ ವರ್ಷ ಒತ್ತಿ ಗಟ್ಟಿ ಆಯಿ, ತನ್ನೊಳ್ಗಿಪ್ಪುದನ್ನೆಲ್ಲ ಹಿಡ್ಕಂಡ್ ಕೆಳ್ಗೆ ಜಾರತ್ತ್. ಬೇಸಿಗ್ಯಗೆ ಮೇಲ್ಪದರ ಕರ್ಗಿರೆ ಎಂದೋ ನುಂಗಿದ್ದ್ ಹೊರ್ಗೆ ಕಾಂತ್. ಮಣ್ಣಗೆ ಹೂತ ದೇಹ ಮಣ್ಣಾತ್ತ್, ಮಂಜಿನಗೆ ಹೂತದ್ದ್ ಹಾಂಗೇ ಇರತ್ತ್. ಅಲ್ಲಿ ಗುಂಡಿಂದ ಸತ್ತವ್ರಿಗಿಂತ ಚಳಿಗೆ, ಹಿಮಕುಸಿತಕ್ಕೆ ಸತ್ತವ್ರೇ ಹೆಚ್ಚ್.

ಸಿಯಾಚಿನ್ ಅಂದ್ರೆ ನಮ್ ರಾಜ್ಯದವ್ರಿಗೆ ನೆನಪಪ್ಪುದ್ 2016. ಆ ವರ್ಷ ಫೆಬ್ರವರಿ 3ಕ್ಕೆ 19 ಮದ್ರಾಸ್ ರೆಜಿಮೆಂಟಿನ 10 ಜನ ಹಿಮದಡಿಗೆ ಬಿದ್ರ್. ಅದ್ರಗೆ ಮೂರ್ ಜನ ಕರ್ನಾಟಕದವ್ರ್, ಧಾರವಾಡ, ಹಾಸನ, ಮೈಸೂರು ಜಿಲ್ಲೆಯವ್ರ್. ಮಂಜು ಕೊರೂ ಯಂತ್ರ, ರೇಡಾರ್, ಮೂಸಿ ಹುಡ್ಕು ನಾಯಿ ಎಲ್ಲ ತಂದ್ ಸೈನ್ಯ ಅಗ್ದಿತ್ತ್. ಕುಂದಗೋಳ ತಾಲ್ಲೂಕ್ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರ್ನೇ ದಿನ ಜೀವ ಇಪ್ಪುದೇ ಸಿಕ್ಕಿದ್ರ್! ಫೆಬ್ರವರಿ 11ಕ್ಕೆ ದೆಹಲಿಯ ಸೈನ್ಯದ ಆಸ್ಪತ್ರೆಯಗೆ ತೀರ್ಕಂಡ್ರ್. ಆದ್ರೆ ಹತ್ತೂ ಜನ ಅವ್ರವ್ರ ಊರಿಗೆ ಬಂದ್ರ್. 1984ರಗೆ ಹರ್ಬೋಲ ಅವ್ರ ಮನಿಗೆ ಸಿಕ್ಕದ್ದ್ ಅದೇ.

ಮನಿಗೆ ಅದ್ ಯಾಕೆ ಬೇಕ್? ದೇಹ ಬಂದ್ರೆ ಜೀವ ಬತ್ತಾ? ಬತ್ತಿಲ್ಲ. ಆದ್ರೆ ಮನಿಯ ಲೆಕ್ಕವೇ ಬೇರೆ. ಹೆಣಕ್ಕೆ ಬೆಂಕಿ ಇಡ್ಕ್, ಬೊಜ್ಜ ಮಾಡ್ಕ್, ವರ್ಷಕ್ಕೊಂದ್ ಸಲ ಎಡಿ ಬಡ್ಸ್ಕ್. ಆಮೇಲೆ ಮನಿಯವ್ರ್ ಒಂದ್ ನಮೂನಿ ಉಸ್ರ್ ಬಿಡ್ತ್ರ್. ಹೋದ್ರೋ ಇದ್ರೋ ಗೊತ್ತಿಲ್ದಿದ್ರೆ ಹೆಂಡ್ತಿ ಕರಿಮಣಿ ತೆಗೀಕಾ ಇಟ್ಕಣ್ಕಾ? ಮಕ್ಳ ಮದಿ ಕಾಗ್ದದಗೆ ಅಪ್ಪನ ಹೆಸ್ರಿನ ಮುಂದೆ ದಿವಂಗತ ಅಂದೇಳಿ ಬರೀಕಾ ಬೇಡ್ದಾ? ಏಳ್ ವರ್ಷ ಸುದ್ದಿಯೇ ಇಲ್ದಿದ್ರೆ ಕಾನೂನ್ ಸತ್ತವ್ರ ಲೆಕ್ಕಕ್ಕೆ ಸೇರ್ಸತ್ತ್. ಮನಸ್ಸಿಗೆ ಏಳ್ ವರ್ಷದ ಗಡು ಇಲ್ಲ. ಬಾಗ್ಲ್ ಸದ್ದಾದ್ರೆ ಕಿವಿ ಅತ್ಲಾಗೇ ಹೋತ್ತ್.

ಕಡ್ಲ್ ಬದಿಯ ಹೆಂಗ್ಸ್ರಿಗೆ ಇದನ್ನ ಯಾರೂ ಬಿಡ್ಸಿ ಹೇಳ್ಕಂದಿಲ್ಲ. 2018ರ ಡಿಸೆಂಬರಿನಗೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳ್ ಜನ ಮೀನುಗಾರ್ರೊಟ್ಟಿಗೆ ಕಾಣೆ ಆಯ್ತ್. ಮರು ವರ್ಷ ಮೇ ತಿಂಗ್ಳಗೆ ನೌಕಾಪಡೆಯವ್ರಿಗೆ ಮಹಾರಾಷ್ಟ್ರದ ಮಾಲ್ವಣ್ ಹತ್ರ ಕಡ್ಲಡಿಗೆ ಬೋಟಿನ ಅವಶೇಷ ಸಿಕ್ತ್. ಅಲ್ಲಿ ತನ್ಕ ಆ ಮನಿಯವ್ರ್ ಎಲ್ಲಾದ್ರೂ ದಡ ಸೇರಿದ್ರೇನೋ ಅಂದೇಳಿ ಕಾದಿದ್ರ್. ಬೋಟ್ ಸಿಕ್ಕಿರೂ ಜನ ಸಿಕ್ಲಿಲ್ಲ. ಹಲ್ದ್ವಾನಿಯ ಆ ಹೆಂಡ್ತಿಯ 38 ವರ್ಷ ಹ್ಯಾಂಗ್ ಹೋಯಿತ್ತ್ ಅಂಬುದ್ ಇಲ್ಲಿನವ್ರಿಗೆ ಅಂದಾಜಾತ್ತ್.

ಈ ಬಿಲ್ಲಿಯ ಹಿಂದೆ ದೊಡ್ಡ ಪಾಠ ಇತ್ತ್. ಮೊದಲ ಮಹಾಯುದ್ಧ ಶುರುವಾಪತ್ತಿಗೆ ಬ್ರಿಟಿಷ್ ಸೈನ್ಯದಗೆ ಒಬ್ಬರಿಗೆ ಒಂದೇ ಬಿಲ್ಲಿ. ಸತ್ರೆ ಲೆಕ್ಕಕ್ಕೆ ಅಂದೇಳಿ ಅದನ್ನ ಬಿಚ್ಕಂಡ್ ಹೋತಿದ್ರ್. ಕಚೇರಿ ಪುಸ್ತಕದಗೆ ಸತ್ತವ್ರ ಹೆಸ್ರ್ ಬಂತ್, ಆದ್ರೆ ಅಲ್ಲೇ ಬಿದ್ದ ದೇಹ ಯಾರ್ದ್ ಅಂದೇಳಿ ಹೇಳುಕೆ ಎಂತದೂ ಉಳೀಲಿಲ್ಲ. 1916ರಗೆ ಎರಡ್ ಬಿಲ್ಲಿ ಮಾಡಿದ್ರ್: ಕೆಂಪು ಗುಂಡನೆದ್ದ್ ಲೆಕ್ಕಕ್ಕೆ, ಹಸ್ರ್ ಎಂಟ್ ಮೂಲಿದ್ದ್ ದೇಹದೊಟ್ಟಿಗೇ. ಅದೂ ನಾರಿನಿಂದ ಮಾಡಿದ್ದ್, ಕೆಸ್ರಗೆ ಸುಮಾರ್ ಕೊಳ್ತೇ ಹೋಯ್ತ್.

ಅದ್ರಗೂ ನಮ್ ದೇಶದವ್ರ್ ಹಿಂದೇ ಉಳ್ದ್ರ್. 2016ರಗೆ ಫ್ರಾನ್ಸಿನ ರಿಶ್‌ಬೂರ್ ಊರಗೆ ಅಗೀವತ್ತಿಗೆ ಇಬ್ರ್ ಸೈನಿಕರ ಅವಶೇಷ ಸಿಕ್ತ್. ಭುಜದ ಪಟ್ಟಿಯ ಲೋಹದ ಅಕ್ಷರ ಕಂಡ್ 39 ಗಢ್ವಾಲ್ ರೈಫಲ್ಸಿನವ್ರ್ ಅಂದೇಳಿ ಗೊತ್ತಾಯ್ತ್. ಆ ಇಬ್ರ್ ಯಾರ್ ಅಂದೇಳಿ ಗೊತ್ತಾಯ್ಲಿಲ್ಲ. 2017ರ ನವೆಂಬರಿನಗೆ ಲಾವಾಂತಿ ಸೈನಿಕ ಸ್ಮಶಾನದಗೆ ಹೆಸ್ರಿಲ್ದೇ ಮಣ್ಣ್ ಮಾಡಿದ್ರ್. ಇರಾಕಿನ ಬಸ್ರಾ ಸ್ಮಾರಕದಗೆ ಬ್ರಿಟಿಷರ ಹೆಸ್ರ್ ಕೆತ್ತಿ, ಭಾರತದ ಸಾಮಾನ್ಯ ಸೈನಿಕರನ್ನ ಬರೀ ಲೆಕ್ಕದಗೆ ಹಾಕಿರ್. ಯುದ್ಧದ ಸಮಾಧಿ ಕಾಂಬು ಕಾಮನ್‌ವೆಲ್ತ್ ಆಯೋಗವೇ 2021ರಗೆ ಇದನ್ನ ಒಪ್ಕಂಡ್ ತಪ್ಪಾಯ್ತ್ ಅಂದಿತ್ತ್. ಹೆಚ್ಚಾಗಿ ಪೂರ್ವ ಆಫ್ರಿಕ, ಈಜಿಪ್ಟಿನವ್ರೇ ಆದ ಕಡಿಮಿ ಅಂದ್ರೂ 1,16,000 ಜನ ಹೆಸ್ರಿಲ್ದೇ ಹೋಯಿರ್ ಅಂದೇಳಿ ಅದ್ರ ವರದಿಯೇ ಹೇಳತ್ತ್. ಇಲ್ಲಿ ಮಂಜು ನುಂಗ್ಲಿಲ್ಲ, ಬರೂಕೆ ಕೂತವ್ರೇ ಬರೀಲಿಲ್ಲ.

ನಮ್ ಊರೂ ಯುದ್ಧ ಕಾಣದ ಊರಲ್ಲ. 1783ರ ಜನವರಿಯಗೆ ಜನರಲ್ ಮ್ಯಾಥ್ಯೂಸ್ ಅಂಬವ್ನ ಇಂಗ್ಲಿಷ್ ಕಂಪನಿ ಸೈನ್ಯ ಕುಂದಾಪ್ರಕ್ಕೆ ಬಂದ್, ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ಹೋಯ್ತ್. ಅದೇ ವರ್ಷ ಟಿಪ್ಪು ಬಿದನೂರನ್ನ ವಾಪಾಸ್ ತಕಂಡ. ಮ್ಯಾಥ್ಯೂಸ್, ಟಿಪ್ಪು ಇಬ್ರ ಹೆಸ್ರೂ ಪುಸ್ತಕದಗಿತ್ತ್. ಎರಡೂ ಬದಿಯಗೆ ಬಂದೂಕ್ ಹೊತ್ಕಂಡ್ ಆ ಘಾಟಿ ಹತ್ತಿದ ಸಿಪಾಯಿಗಳದ್ದ್? ಅವ್ರ ಮನಿಯಗೂ ಯಾರೋ ಬಾಗ್ಲ್ ಕಂಡ್ಕಂಡ್ ಕೂತಿರ್ಕಲೆ!

ಅದಕ್ಕೂ ಹಿಂದಿನವ್ರ್ ಕಲ್ಲಗೆ ಕೆತ್ತಿದ್ರ್. ಬಾರ್ಕೂರಿನ ಕತ್ತಲೆ ಬಸದಿಗೆ ಹೋದ್ರೆ ವೀರಗಲ್ಲು ಕಾಂಬುಕೆ ಸಿಕ್ಕತ್ತ್. ವೀರಗಲ್ಲಗೆ ಸಾಮಾನ್ಯವಾಗಿ ಕೆಳ್ಗಿನ ಪಟ್ಟಿಯಗೆ ಹೋರಾಟ, ನಡು ಪಟ್ಟಿಯಗೆ ಅಪ್ಸರೆಯರ್ ವೀರನನ್ನ ಕರ್ಕಂಡ್ ಹೋಪುದ್, ಮೇಲೆ ಸ್ವರ್ಗ. ಅಕ್ಷರ ಇಪ್ಪು ಕಲ್ಲಗೆ ಇಂಥವ್ನ ಮಗ ಇಂಥವ, ಇಂಥ ಕಾಳಗದಗೆ ಬಿದ್ದ ಅಂದೇಳಿ ಇರತ್ತ್. ಅಕ್ಷರ ಇಲ್ದಿದ್ದ ಕಲ್ಲೂ ಎಷ್ಟೋ ಇತ್ತ್. ಕತ್ತಿ ಇತ್ತ್, ಮೀಸಿ ಇತ್ತ್, ಹೆಸ್ರ್ ಮಾತ್ರ ಇಲ್ಲ. ನೆಟ್ಟ ಮನಿಯವ್ರಿಗೆ ಯಾರಂದೇಳಿ ಗೊತ್ತಿತ್ತೇನೋ. ಮೂರ್ನೇ ತಲೆಮಾರಿಗೆ ಅದ್ ಬರೀ ಕಲ್ಲ್.

2019ರಗೆ ದೆಹಲಿಯಗೆ ರಾಷ್ಟ್ರೀಯ ಯುದ್ಧ ಸ್ಮಾರಕ ಆಯ್ತ್. ಅದ್ರ ತ್ಯಾಗ ಚಕ್ರದ ಗ್ವಾಡಿಯಗೆ ಸ್ವಾತಂತ್ರ್ಯ ಬಂದ್ಮೇಲೆ ಪ್ರಾಣ ಕೊಟ್ಟ 25 ಸಾವಿರಕ್ಕೂ ಮಿಕ್ಕಿದ ಸೈನಿಕರ ಹೆಸ್ರ್, ಒಬ್ಬೊಬ್ಬರಿಗೆ ಒಂದೊಂದ್ ಕಲ್ಲ್. ನಂಗೆ ಇದ್ ನಮ್ ವೀರಗಲ್ಲಿನ ಮುಂದುವರ್ದ ಕೆಲ್ಸವೇ ಅಂದೇಳಿ ಕಾಂತ್, ಈ ಸಲ ಅಕ್ಷರ ಬಿಟ್ ಹೋಯ್ಲಿಲ್ಲ ಅಷ್ಟೇ.

ನಂಬ್ರ ಅಂಬುದ್ ಮನ್ಷನಲ್ಲ, ಖರೆ. ಆದ್ರೆ ಆ ನಂಬ್ರದ ಎದುರಿಗೆ ಒಂದ್ ಹೆಸ್ರ್, ಒಂದ್ ಊರ್, ಒಂದ್ ಮನಿ ವಿಳಾಸ ಬರ್ದಿಟ್ಟ ಪುಸ್ತಕ ಇಲ್ದೇ ಇದ್ದಿದ್ರೆ ಸಿಯಾಚಿನ್ ಬಿಲ್ಲಿಯಿಂದ ಎಂತ ಗುಣ ಇತ್ತ್? 1984ರಗೆ ಯಾವ್ದೋ ಕಚೇರಿಯಗೆ ಕೂತ್ ಯಾರೋ ಒಬ್ರ್ ಸರಿಯಾಗಿ ಬರ್ದಿದ್ರ್. 38 ವರ್ಷ ಆ ಪುಸ್ತಕ ಹಾಳಾಗ್ದೇ ಕಾಪಾಡಿದ್ರ್. ಅದ್ರಿಂದಾಯಿ ಹಲ್ದ್ವಾನಿಯ ಒಂದ್ ಹೆಂಗ್ಸ್, ಮುದಿ ಪ್ರಾಯದಗಾದ್ರೂ, ತನ್ ಗಂಡನ್ನ ಮನಿಯಿಂದ ಕಳ್ಸಿ ಕೊಟ್ರ್.