ಬೋರ್ಡೋ ಸೀಮೆಯ ಕೆಂಪು ದ್ರಾಕ್ಷಾಸವ

ಬೋರ್ಡೋ ಎಂಬ ಹೆಸರು ನಮ್ಮ ನಾಡಿನ ತೋಟಗಾರರಿಗೆ ಅಪರಿಚಿತವಾದುದಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರಸಿ ಗಿಡಗಳಿಗೆ ಸಿಂಪಡಿಸುವ ಔಷಧವನ್ನು ಬೋರ್ಡೋ ದ್ರಾವಣವೆಂದೇ ಕರೆಯುವರು. ಆದರೆ ಆ ಹೆಸರಿನ ಪಟ್ಟಣವು ಫ್ರಾನ್ಸ್ ದೇಶದ ನೈಋತ್ಯಭಾಗದಲ್ಲಿರುವುದೆಂಬುದನ್ನೂ, ಅದಕ್ಕೆ ಲೋಕಪ್ರಸಿದ್ಧಿ ಬಂದುದು ಈ ಔಷಧದಿಂದಲ್ಲ, ಕೆಂಪು ದ್ರಾಕ್ಷಾಸವದಿಂದ ಎಂಬುದನ್ನೂ ಬಲ್ಲವರು ವಿರಳ. ಪಾನದ ಗುಣದೋಷಗಳ ವಿಮರ್ಶೆ ಇಲ್ಲಿಯ ಉದ್ದೇಶವಲ್ಲ. ಒಂದು ಬೆಳೆ ತನ್ನ ಸೀಮೆಯ ಹೆಸರನ್ನು ಹೇಗೆ ಹೊತ್ತಿತು, ವಿಪತ್ತು ಬಂದೊದಗಿದಾಗ ಆ ಹೆಸರು ಹೇಗೆ ಉಳಿಯಿತು ಎಂಬುದಷ್ಟೇ ನಮಗೆ ವಿಚಾರಾರ್ಹವಾದುದು.

ಗಾರೋನ್, ದೊರ್ದೋನ್ ಎಂಬ ನದಿಗಳೆರಡು ಕೂಡಿ ಸಮುದ್ರವನ್ನು ಸೇರುವೆಡೆಯಲ್ಲಿ ಈ ಸೀಮೆಯಿದೆ. ರೋಮನರು ಆ ಪಟ್ಟಣವನ್ನು ಬುರ್ದಿಗಾಲವೆಂದು ಕರೆದರು. ದ್ರಾಕ್ಷಿಯ ಕೃಷಿಯೂ ಅಲ್ಲಿ ಅವರ ಕಾಲದಿಂದ ಬಂದುದೇ. ಕ್ರಿ. ಶ. 1152ರಲ್ಲಿ ಆ ಪ್ರಾಂತದ ಒಡತಿಯಾದ ಎಲಿಯನೋರಳು ಹೆನ್ರಿಯನ್ನು ವರಿಸಿದಳು. 1154ರಲ್ಲಿ ಅವನು ಇಂಗ್ಲೆಂಡಿನ ದೊರೆಯಾದನು. ಅಂದಿನಿಂದ 1453ರವರೆಗೆ ಬೋರ್ಡೋ ಆಂಗ್ಲ ದೊರೆಗಳ ಅಧೀನದಲ್ಲಿದ್ದಿತು; ಅಲ್ಲಿಯ ಆಸವವು ಪೀಪಾಯಿಗಳಲ್ಲಿ ತುಂಬಿ ಹಡಗೇರಿ ಇಂಗ್ಲೆಂಡನ್ನು ಸೇರುತ್ತಿದ್ದಿತು. ಆಂಗ್ಲೇಯರು ಅದನ್ನು ಕ್ಲಾರೆಟ್ ಎಂದು ಕರೆದರು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮೆದೋಕ್ ಪ್ರದೇಶದ ಜೌಗು ನೆಲದ ನೀರನ್ನು ಬಸಿದು ಬಿಟ್ಟಮೇಲೆ ಅಲ್ಲಿಯ ಗರಸು ದಿಣ್ಣೆಗಳಲ್ಲಿ ದ್ರಾಕ್ಷಿಯ ತೋಟಗಳು ಹಬ್ಬಿದವು. ಎಡದಂಡೆಯ ಆ ಗರಸಿನಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಎಂಬ ಜಾತಿಯೂ, ಬಲದಂಡೆಯ ಜೇಡಿ ಮತ್ತು ಸುಣ್ಣಕಲ್ಲಿನ ನೆಲದಲ್ಲಿ ಮೆರ್ಲೋ ಎಂಬ ಜಾತಿಯೂ ಮೇಲಾಗಿ ಬೆಳೆಯುವುವು. 1855ರ ಪ್ಯಾರಿಸ್ ವಸ್ತುಪ್ರದರ್ಶನದ ಸಂದರ್ಭದಲ್ಲಿ ಮೆದೋಕಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು.

ಈ ಆಸವದ ಪ್ರಧಾನ ರಸ ಒಗರು. ಅಡಕೆಯನ್ನು ಜಗಿದಾಗ ನಾಲಿಗೆ ಬಿಗಿಯುವಂತೆಯೇ ಇದೂ ಬಿಗಿಯುವುದು. ಎರಡಕ್ಕೂ ಕಾರಣ ಟ್ಯಾನಿನ್ ಎಂಬ ದ್ರವ್ಯ. ಕೊಬ್ಬುಳ್ಳ ಮಾಂಸದೊಡನೆ ಈ ಒಗರು ಮೃದುವಾಗುವುದು. ಆದುದರಿಂದಲೇ ಅಲ್ಲಿಯವರು ಪೊಯಾಕ್ ಊರಿನ ಎಳೆಯ ಕುರಿಮರಿಯ ಮಾಂಸವನ್ನು ಇದಕ್ಕೆ ತಕ್ಕ ಜೊತೆಯೆಂದು ಎಣಿಸುವರು. ನಮ್ಮಲ್ಲಿ ಬನ್ನೂರಿನ ಕುರಿಗೆ ಮಾಂಸದ ಮೃದುತ್ವಕ್ಕಾಗಿ ಹೆಸರಿದೆಯಷ್ಟೆ. ಅದನ್ನು ಮೆಣಸು ಉಪ್ಪುಗಳಷ್ಟರಿಂದಲೇ ಹುರಿದರೆ ಈ ಆಸವಕ್ಕೆ ಹೊಂದೀತು. ಖಾರದ ಸಾರಿಗೆ ಇದು ಹೊಂದದು. ಮೆಣಸಿನಕಾಯಿಯ ಉರಿ ಒಗರನ್ನು ಮತ್ತಷ್ಟು ತೀಕ್ಷ್ಣವಾಗಿಸುವುದು.

ಇಂತಹ ಬೆಳೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ವಿಪತ್ತುಗಳು ಒದಗಿದವು. ಅಮೆರಿಕಾದಿಂದ ಬಂದ ಫಿಲೋಕ್ಸೆರಾ ಎಂಬ ಕಿರುಹೇನು 1860ರ ದಶಕದಿಂದ ಫ್ರಾನ್ಸಿನ ಬಳ್ಳಿಗಳ ಬೇರನ್ನು ಹೀರಿ ತೋಟಗಳನ್ನು ಒಣಗಿಸಿತು. ಅದೇ ಅಮೆರಿಕಾದ ಕಾಡುದ್ರಾಕ್ಷಿಯ ಬೇರು ಆ ಹೇನನ್ನು ತಡೆಯುವುದೆಂದು ಕಂಡು, ಆ ಬೇರಿಗೆ ತಮ್ಮ ಬಳ್ಳಿಯ ಕಸಿ ಕಟ್ಟಿ ಅಲ್ಲಿಯವರು ಬೆಳೆಯನ್ನು ಉಳಿಸಿಕೊಂಡರು. ಬಳಿಕ ಎಲೆಗಳಿಗೆ ಬೂಜುರೋಗ ತಗುಲಿತು. ಮೆದೋಕಿನಲ್ಲಿ ಕಳ್ಳರನ್ನು ಹೆದರಿಸಲು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬಳಿಯುವ ರೂಢಿಯಿದ್ದಿತು. ಆ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು 1882ರಲ್ಲಿ ಮಿಲ್ಲಾರ್ದೆ ಎಂಬ ಸಸ್ಯಶಾಸ್ತ್ರಜ್ಞನು ಗಮನಿಸಿ, ಪ್ರಯೋಗಮಾಡಿ, 1885ರಲ್ಲಿ ಪ್ರಕಟಿಸಿದನು. ಬೋರ್ಡೋ ದ್ರಾವಣದ ಜನ್ಮವೃತ್ತಾಂತವಿದು.

ಆ ಔಷಧವೇ ಮೈಸೂರು ಸಂಸ್ಥಾನಕ್ಕೂ ಬಂದಿತು. ಅಡಕೆಯ ಕೊಳೆರೋಗವನ್ನು ಪರಿಶೋಧಿಸಿದ ಲೆಸ್ಲಿ ಕೋಲ್ಮನ್ನರು 1910ರ ವೇಳೆಗೆ ಅದರ ಸಿಂಪಡಿಕೆಯನ್ನು ಬಳಕೆಗೆ ತಂದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಮಲೆನಾಡಿಗೆ ಇದು ಮಹೋಪಕಾರವಾಯಿತು. ಬೋರ್ಡೋವಿನ ಬಳ್ಳಿಯಾದರೋ ಬಹು ತಡವಾಗಿ ಬಂದಿತು. 1988ರಲ್ಲಿ ಕನ್ವಲ್ ಗ್ರೋವರ್ ಎಂಬವರು ನಂದಿಬೆಟ್ಟದ ತಪ್ಪಲಿನಲ್ಲಿ ತೋಟವನ್ನು ಸ್ಥಾಪಿಸಿ ಕ್ಯಾಬರ್ನೆ ಮೊದಲಾದ ಫ್ರೆಂಚ್ ಜಾತಿಗಳನ್ನು ಬೆಳೆಸಿದರು. ಅದೇ ಪ್ರದೇಶದಲ್ಲಿ ಬಹುಕಾಲದಿಂದಿರುವ ಬೆಂಗಳೂರು ನೀಲಿ ದ್ರಾಕ್ಷಿಯು ಅಮೆರಿಕಾದ ಇಸಬೆಲ್ಲಾ ತಳಿಯ ಬಳಗಕ್ಕೆ ಸೇರಿದುದು. 1934ರಲ್ಲಿ ಫ್ರಾನ್ಸು ಶಾಸನದಿಂದ ದೂರಮಾಡಿದ ಆ ಕುಲವು ನಮ್ಮಲ್ಲಿ ರೈತನಿಗೆ ಅನ್ನ ಕೊಡುತ್ತಿದೆ.

ಇನ್ನು ನಮ್ಮ ನೆರೆಯ ನಂಜನಗೂಡಿನ ಕಡೆ ನೋಡಬಹುದು. ಅಲ್ಲಿಯ ರಸಬಾಳೆಯೂ ಊರಿನ ಹೆಸರನ್ನು ಹೊತ್ತ ಹಣ್ಣು. ಅದಕ್ಕೆ 2005-06ನೆಯ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಬಹಳ ಕುಗ್ಗಿವೆ. ಬಾಳೆಗೆ ದ್ರಾಕ್ಷಿಯಂತೆ ಕಸಿ ಕಟ್ಟಲಾಗದು. ರೋಗದ ಬೀಜವು ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುವುದರಿಂದ ಮೇಲೆ ಸಿಂಪಡಿಸಿಯೂ ಫಲವಿಲ್ಲ. ಬೋರ್ಡೋವಿನ ಎರಡು ಉಪಾಯಗಳೂ ಇಲ್ಲಿ ನಿಷ್ಫಲ. ಆದರೂ ಅದರ ಚರಿತ್ರೆಯಲ್ಲಿ ನಮಗೊಂದು ಪಾಠವುಂಟು. ಅಲ್ಲಿ ಹೆಸರನ್ನು ಉಳಿಸಿದುದು ಕೇವಲ ಮಣ್ಣೂ ಅಲ್ಲ, ಶಾಸನವೂ ಅಲ್ಲ. ತೋಟದಲ್ಲಿ ಕಂಡುದನ್ನು ಶಾಸ್ತ್ರಜ್ಞನು ಪರೀಕ್ಷಿಸಿದನು. ಶಾಸ್ತ್ರಜ್ಞನು ಹೇಳಿದುದನ್ನು ಒಕ್ಕಲಿಗನು ನಡೆಯಿಸಿದನು. ಮಾನ್ಯತೆಯ ಪತ್ರವು ಹೆಸರನ್ನು ಕಾಯಬಲ್ಲದು, ಗಿಡವನ್ನು ಕಾಯಲಾರದು. ರೋಗವಿಲ್ಲದ ಸಸಿ, ರೋಗ ತಗುಲದ ಹೊಲ, ಬಿಡದೆ ಬೆಳೆಯುವ ಒಕ್ಕಲು ಇವು ಮೂರೂ ಒದಗಿದರೆ ಮಾತ್ರ ರಸಬಾಳೆಯ ಹೆಸರಿನೊಡನೆ ಹಣ್ಣೂ ಉಳಿದೀತು.