ಬಾಂಬು ಬಿದ್ದ ಊರಿನಿಂದ ನಿರಾಶ್ರಿತರ ಶಿಬಿರಕ್ಕೆ

ಸಿರುಗುಪ್ಪದಿಂದ ತುಂಗಭದ್ರೆ ದಾಟಿ ಸಿಂಧನೂರಿನ ಕಡೆ ಓಡಾಡುವವರಿಗೆ ‘ಕ್ಯಾಂಪ್’ ಎಂಬ ಮಾತು ಹೊಸದಲ್ಲ. ಕಾಲುವೆ ನೀರನ್ನು ನೆಚ್ಚಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಒಂದೆಡೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಇನ್ನೊಂದೆಡೆ. ನೆಲೆ ತಪ್ಪಿದವರಿಗೆ ಸರ್ಕಾರ ಜಾಗ ತೋರಿಸಿದರೆ ಸಾಕೇ, ಊರು ಕಟ್ಟುವ ಕೆಲಸವೂ ಅವರ ಕೈಯಲ್ಲೇ ಇರಬೇಕೇ? ದೇಶ ವಿಭಜನೆಯ ಹೊತ್ತಿನಲ್ಲಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

1926ರಲ್ಲಿ ಅವರು ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳೂ ಆಗ ಅದೇ ಮದರಾಸು ಪ್ರಾಂತ್ಯದಲ್ಲಿದ್ದವು.

1939ರಲ್ಲಿ ಅವರು ವಿದೇಶದಲ್ಲಿದ್ದಾಗ ಎರಡನೇ ಮಹಾಯುದ್ಧ ಸಿಡಿಯಿತು. ಅಮೆರಿಕ ಸುತ್ತಿ ಜಪಾನ್, ಚೀನಾಗಳಿಗೂ ಹೋದರು. ಚೀನಾದ ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್ ಮೇಲೆ ಜಪಾನಿ ವಿಮಾನಗಳು ಬಾಂಬು ಸುರಿಯುತ್ತಿದ್ದ ಕಾಲವದು. ಜನ ಬಂಡೆ ಕೊರೆದ ಸುರಂಗಗಳಲ್ಲಿ ಜೀವ ಉಳಿಸಿಕೊಳ್ಳುತ್ತಿದ್ದರು. ಪತ್ರಿಕೆಯ ಸಂಬಳದ ವರದಿಗಾರ್ತಿ ಅವರಲ್ಲ, ನಿಜ. ಆದರೆ ಯುದ್ಧಪೀಡಿತ ಚೀನಾವನ್ನು ಕಣ್ಣಾರೆ ಕಂಡು ಪುಸ್ತಕ ಬರೆದ ಭಾರತೀಯ ಮಹಿಳೆಯರು ಆಗ ಎಷ್ಟಿದ್ದರು?

1947ರಲ್ಲಿ ದೆಹಲಿ ನಿರಾಶ್ರಿತರಿಂದ ತುಂಬಿತು. ಸಹಕಾರಿ ತತ್ವದ ಮೇಲೆ ಅವರ ಬದುಕು ಕಟ್ಟುವ ಯೋಜನೆಯೊಂದಿಗೆ ಕಮಲಾದೇವಿ ಗಾಂಧೀಜಿಯವರನ್ನು ಕಂಡರು. ಸರ್ಕಾರವನ್ನು ನೆಚ್ಚಿಕೊಳ್ಳಬಾರದೆಂಬುದು ಗಾಂಧೀಜಿಯವರ ಷರತ್ತು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಹುಟ್ಟಿತು. ದೆಹಲಿಯ ದಕ್ಷಿಣದ ಛತರ್‌ಪುರದಲ್ಲಿ ನಿರಾಶ್ರಿತರು ಕೂಡಿ ಬೇಸಾಯ ಆರಂಭಿಸಿದರು.

ದೊಡ್ಡ ಪರೀಕ್ಷೆ ಎದುರಾದದ್ದು ಫರೀದಾಬಾದಿನಲ್ಲಿ. ವಾಯವ್ಯ ಗಡಿನಾಡಿನ ಬನ್ನು, ಡೇರಾ ಇಸ್ಮಾಯಿಲ್ ಖಾನ್ ಮುಂತಾದ ಕಡೆಗಳಿಂದ ಬಂದ ಸಾವಿರಾರು ಮಂದಿ ಅಲ್ಲಿ ನೆಲೆ ನಿಲ್ಲಬೇಕಿತ್ತು. ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸುವುದು ಇಲಾಖೆಯ ರೂಢಿ. ನಿರಾಶ್ರಿತರೇ ಕಟ್ಟಲಿ, ಕೂಲಿ ಅವರಿಗೇ ಸಿಗಲಿ ಎಂಬುದು ಒಕ್ಕೂಟದ ಪಟ್ಟು. ಗಾರೆ ಹಿಡಿದು ಗೊತ್ತಿಲ್ಲದ ವ್ಯಾಪಾರಿಗಳು ಗಾರೆ ಕೆಲಸ ಕಲಿತರು. ಆಮೇಲಾಮೇಲೆ ಅಧಿಕಾರಿಗಳ ಕೈ ಮೇಲಾಗಿ ಸಹಕಾರಿಗಳು ಸೊರಗಿದವು. ಆ ಹೊತ್ತಿಗೆ ಮನೆಗಳು ಎದ್ದುನಿಂತಿದ್ದವು.

1952ರಲ್ಲಿ ಕಮಲಾದೇವಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ನಿಧನ. ಇಂದು ಕೈಮಗ್ಗ, ಕರಕುಶಲದ ಮಾತು ಬಂದಾಗ ಅವರನ್ನು ನೆನೆಯುವವರು ಸಾಕಷ್ಟಿದ್ದಾರೆ. ಫರೀದಾಬಾದಿನ ಹೆಸರು ಹೇಳಿದರೆ ಮಾತ್ರ ಕಾರ್ಖಾನೆಗಳಷ್ಟೇ ನೆನಪಾಗುತ್ತವೆ.